ಕೊಕ್ಕರೆಯನ್ನು ಕೂರಿಸಿದ ಪಂದ್ಯ

ಜುಲೈ 4, 1993

ಅಣ್ಣಾ,

ಕೆಲಸ ಸಿಕ್ಕಿತು ಎಂದು ಕುಣಿಯುತ್ತಾ ಫೋನ್ ಮಾಡಿದರೆ "ಸರಿ ಸರಿ, ಪತ್ರ ಬರಿ" ಎಂದು ಎರಡೇ ಮಾತಿಗೆ ಇಟ್ಟುಬಿಟ್ಟೆಯಲ್ಲ! ಹೋಗಲಿ, ದೊಡ್ಡವರ ಮಾತು ಮೀರದ ತಂಗಿ ನಾನು. ಬರೆಯುತ್ತಿದ್ದೇನೆ.

ನೇಮಕದ ಆದೇಶದಲ್ಲಿ ನಾನು 'ಮಹಿಳಾ ಫುಟ್‌ಬಾಲ್ ತಂಡದ ಸಹಾಯಕ ಕೋಚ್'. ಮೈದಾನದಲ್ಲಿ, ಕೋಚಿಂಗ್ ಒಂದು ಬಿಟ್ಟು ಉಳಿದೆಲ್ಲ ನನ್ನದೇ. ಬೆಳಿಗ್ಗೆ ಚೆಂಡುಗಳಿಗೆ ಗಾಳಿ ತುಂಬಬೇಕು, ಸುಣ್ಣದ ಗಾಡಿ ತಳ್ಳಿಕೊಂಡು ಗೆರೆ ಎಳೆಯಬೇಕು, ಸಂಜೆ ಕೆಸರಾದ ಜೆರ್ಸಿಗಳನ್ನು ಒಗೆಯುವ ಯಂತ್ರಕ್ಕೆ ತುರುಕಬೇಕು. ಹಿರಿಯ ಕೋಚ್ ಮಡಚುವ ಕುರ್ಚಿಯಲ್ಲಿ ಕೂತು ಸೀಟಿ ಊದುತ್ತಾರೆ. ಮೊದಲ ದಿನವೇ ಕೇಳಿದೆ, "ಸಾರ್, ನಾನು ಡಿಫೆಂಡರ್‌ಗಳಿಗೆ ಸ್ವಲ್ಪ ಹೇಳಿಕೊಡಲಾ?" ಅವರು ಮೈದಾನ ನೋಡಿ, "ಮೊದ್ಲು ಆ ಗೆರೆ ನೆಟ್ಟಗೆ ಎಳಿಯಮ್ಮಾ" ಎಂದರು.

ನನ್ನ ಕೋಣೆ ವ್ಯಾಯಾಮಶಾಲೆಯ ಮೆಟ್ಟಿಲ ಕೆಳಗಿದೆ. ಮೇಲೆ ಹುಡುಗಿಯರು ಹಾರಿದಾಗಲೆಲ್ಲ ಗಾರೆ ಉದುರಿ ನನ್ನ ತಟ್ಟೆಗೆ ಬೀಳುತ್ತದೆ. ಆದರೂ ಖುಷಿಯಾಗಿದ್ದೇನೆ. ಗಿರಣಿಯ ಹಿಂದಿನ ಬಯಲಲ್ಲಿ ನೀನು ಹೇಳಿಕೊಟ್ಟ ಆಟಕ್ಕೆ ಯಾರೋ ಸಂಬಳ ಕೊಡುತ್ತಾರೆ ಎಂದರೆ ನಂಬಿಕೆಯೇ ಬರುತ್ತಿಲ್ಲ. ಅತ್ತಿಗೆಗೆ ಹೇಳು.

ನಿನ್ನ ಮಿಡತೆ


ಜುಲೈ 25, 1993

ಮಿಡತೆ,

ಫೋನಿನ ವಿಷಯಕ್ಕೆ ಬೇಜಾರಾಗಬೇಡ. ಈ ಫೋನಿನಲ್ಲಿ ಮಾತು ಅರ್ಧ ಬರುತ್ತದೆ, ಅರ್ಧ ದಾರಿಯಲ್ಲೇ ಉದುರುತ್ತದೆ. ಪತ್ರವಾದರೆ ಎರಡು ಸಲ ಓದಬಹುದು.

ಗಿರಣಿಯಲ್ಲಿ ಹೊಸ ಮಗ್ಗಗಳು ಬಂದಿವೆ. ರಿಪೇರಿ ಮೇಸ್ತ್ರಿ ಎಂದು ನನ್ನನ್ನು ಇಡೀ ಶೆಡ್ಡಿಗೆ ಹಾಕಿದ್ದಾರೆ. ಅಲ್ಲಿ ಮಾತಾಡುವುದೆಲ್ಲ ಕೈಯಲ್ಲಿ, ತುಟಿಯಲ್ಲಿ. ಹೊಸಬರು ಗಂಟಲು ಹರಿದುಕೊಳ್ಳುತ್ತಾರೆ, ನಾವು ನಗುತ್ತೇವೆ. ಯಾವ ಮಗ್ಗ ಹುಷಾರಿಲ್ಲ ಎನ್ನುವುದು ಚೌಕಟ್ಟಿನ ಮೇಲೆ ಅಂಗೈ ಇಟ್ಟರೆ ನನಗೆ ತಿಳಿಯುತ್ತದೆ.

ಗೆರೆ ಎಳೆಯುವುದು ಕೀಳು ಕೆಲಸ ಅಂದುಕೊಳ್ಳಬೇಡ. ಒಂದು ಕಡೆ ನಿಂತು ಕಲಿ. ನಿನಗೆ ಚಿಕ್ಕಂದಿನಿಂದಲೂ ಕೂತ ಹುಲ್ಲು ಬಿಟ್ಟು ಮುಂದಿನ ಹುಲ್ಲೇ ಹಸಿರು.

ಅಣ್ಣ


ಸೆಪ್ಟೆಂಬರ್ 12, 1995

ಅಣ್ಣಾ,

ಈ ವಿಳಾಸ ನೋಡಿ ಹುಬ್ಬು ಗಂಟಿಕ್ಕಬೇಡ. ಹೌದು, ಇದು ಮೂರನೆಯ ಕಾಲೇಜು. ಹೆಚ್ಚಿನ ಅವಕಾಶ ಸಿಕ್ಕಿತು, ಬಂದೆ. ಹೋದ ವರ್ಷದ ಕಾಲೇಜಿನಲ್ಲಿ ಗೋಲ್‌ಕೀಪರ್‌ಗಳನ್ನಷ್ಟೇ ನೋಡಿಕೊಳ್ಳುತ್ತಿದ್ದೆ, ಇಲ್ಲಿ ಎರಡನೆಯ ತಂಡ ಪೂರ್ತಿ ನನ್ನದೇ.

ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿಲ್ಲ. ಬಿಚ್ಚುವ ಅಭ್ಯಾಸವೇ ತಪ್ಪಿದೆ. ಬಾಡಿಗೆ ಮನೆಯ ಯಜಮಾನಿ ಬಾಗಿಲಲ್ಲಿ ಇಣುಕಿ, "ಏನಮ್ಮಾ, ಬಂದ್ರಾ, ಹೊರಟ್ರಾ?" ಎಂದರು. ಭಾನುವಾರ ಅಭ್ಯಾಸವಿರುವುದಿಲ್ಲ, ಆ ದಿನ ಕಾಲು ನಿಲ್ಲುವುದಿಲ್ಲ. ಬಸ್ ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ ಬರುತ್ತೇನೆ. ಕಂಡಕ್ಟರ್ ಈಗ ನನ್ನನ್ನು ಮಾತಾಡಿಸುತ್ತಾನೆ.

ನಿನ್ನೆ ಫೋನ್ ಮಾಡಿದ್ದೆ. ನೀನೇ ಎತ್ತಿದೆ. "ಹಲೋ, ಹಲೋ" ಎಂದು ಎರಡು ಸಲ ಗದರಿ ಇಟ್ಟೆ. ನಾನು ಮಾತಾಡುತ್ತಲೇ ಇದ್ದೆ ಅಣ್ಣಾ. ನನ್ನ ದನಿ ಗುರುತು ಸಿಗಲಿಲ್ಲವೋ, ಗುರುತು ಸಿಕ್ಕಿದ್ದರಿಂದಲೇ ಇಟ್ಟೆಯೋ?

ಮಿಡತೆ


ಅಕ್ಟೋಬರ್ 2, 1995

ಮಿಡತೆ,

ಲೈನ್ ಸರಿ ಇರಲಿಲ್ಲ. ಅದನ್ನೇ ದೊಡ್ಡದು ಮಾಡಬೇಡ.

ಮೂರನೆಯ ಕಾಲೇಜು ಎಂದರೆ ಮೂರನೆಯ ಮೆಟ್ಟಿಲು ಎಂದು ನಿನ್ನ ಅತ್ತಿಗೆಗೆ ಹೇಳಿದೆ. ಅವಳು, "ಮೆಟ್ಲು ಮೇಲಕ್ಕೇ ಹೋಗ್ಬೇಕು ಅಂತೇನಿಲ್ವಲ್ಲ" ಎಂದಳು. ಅವಳ ಬಾಯಿಗೆ ಬೀಗವಿಲ್ಲ. ನನಗಂತೂ ಹೆಮ್ಮೆಯೇ. ಶೆಡ್ಡಿನಲ್ಲಿ ಎಲ್ಲರಿಗೂ ನಿನ್ನ ಸುದ್ದಿ ಹೇಳಿದ್ದೇನೆ. ತುಟಿಯಲ್ಲೇ ಹೇಳಿದ್ದರಿಂದ ಅರ್ಧ ಜನ ನಿನಗೆ ಮದುವೆ ಗೊತ್ತಾಗಿದೆ ಅಂದುಕೊಂಡಿದ್ದಾರೆ.

ಪೆಟ್ಟಿಗೆ ಬಿಚ್ಚು.

ಅಣ್ಣ


ಜೂನ್ 18, 1997

ಅಣ್ಣಾ,

ಮುಖ್ಯ ಕೋಚ್! ಇದು ಐದನೆಯ ಊರು, ಬಾಗಿಲ ಮೇಲೆ ನನ್ನ ಹೆಸರಿನ ಫಲಕವಿರುವ ಮೊದಲನೆಯದು. ಕೋಣೆಗೆ ಕಿಟಕಿ ಇದೆ, ಕಿಟಕಿಯಿಂದ ಮೈದಾನ ಕಾಣುತ್ತದೆ. ಸಿಕ್ಕವರನ್ನೆಲ್ಲ ಕರೆದು ಕಿಟಕಿ ತೋರಿಸುತ್ತಿದ್ದೇನೆ. ಜಾಡಮಾಲಿ ಹೆಂಗಸು, "ಮೇಡಂ, ಅದು ಮೊದ್ಲಿಂದಾನೂ ಅಲ್ಲೇ ಇದೆ" ಎಂದಳು.

ತಂಡ ಚೆನ್ನಾಗಿದೆ. ಒಬ್ಬಳಂತೂ ನಿನಗೆ ತುಂಬ ಹಿಡಿಸುತ್ತಾಳೆ. ಉದ್ದ ಕಾಲು, ಉದ್ದ ಕತ್ತು. ಗೆಳತಿಯರೆಲ್ಲ ಅವಳನ್ನು ಕೊಕ್ಕರೆ ಎನ್ನುತ್ತಾರೆ. ನಡೆಯುವಾಗ ಈಗ ಬಿದ್ದಾಳು, ಇನ್ನೇನು ಬಿದ್ದಾಳು ಎನ್ನಿಸುತ್ತದೆ. ಆದರೆ ಕಾರ್ನರ್‌ನಿಂದ ಚೆಂಡು ಬಂತೆಂದರೆ ಎಲ್ಲರಿಗಿಂತ ಮೊದಲು ಮೇಲೆದ್ದು ಎಲ್ಲರಿಗಿಂತ ಕೊನೆಗೆ ಕೆಳಗೆ ಬರುತ್ತಾಳೆ. ತಲೆಯಿಂದ ಹೊಡೆದರೆ ಕಾಲಿನಿಂದ ಒದ್ದ ಹಾಗೆ. ಅವಳಿಗೆ ರಾಷ್ಟ್ರೀಯ ತಂಡದ ಹುಚ್ಚು, ನನಗೆ ಅವಳನ್ನು ಅಲ್ಲಿಗೆ ಮುಟ್ಟಿಸುವ ಹುಚ್ಚು. ಕ್ರೀಡಾ ನಿರ್ದೇಶಕರಿಗೆ ಕಪ್ಪಿನ ಹುಚ್ಚು. ಮೂರೂ ಒಂದೇ ಕಡೆ ಓಡುತ್ತಿರುವುದರಿಂದ ಸದ್ಯಕ್ಕೆ ಜಗಳವಿಲ್ಲ.

ಒಮ್ಮೆಯಾದರೂ ಬಂದು ನನ್ನ ತಂಡದ ಆಟ ನೋಡು. ನಾಲ್ಕು ವರ್ಷದಿಂದ ಕರೆಯುತ್ತಿದ್ದೇನೆ. ಪ್ರತಿ ಸಲವೂ ಮಗ್ಗದ ನೆಪ. ಗಿರಣಿಗೆ ಹೋದದ್ದು ನೀನು, ಆಟಕ್ಕೆ ಬಂದದ್ದು ನಾನು ಎಂದು ಒಳಗೊಳಗೇ ಏನಾದರೂ ಇದ್ದರೆ ಬಾಯಿಬಿಟ್ಟು ಹೇಳು. ಮೌನ ನನಗೆ ಅರ್ಥವಾಗುವುದಿಲ್ಲ.

ಮಿಡತೆ


ಜುಲೈ 9, 1997

ಮಿಡತೆ,

ಫಲಕದ ಸುದ್ದಿ ಓದಿ ನಿನ್ನ ಅತ್ತಿಗೆ ಅತ್ತಳು. ನಾನು ಅಳಲಿಲ್ಲ, ಕಣ್ಣಿಗೆ ಹತ್ತಿಯ ಧೂಳು ಬಿದ್ದಿತ್ತು.

ಒಳಗೊಳಗೇ ಏನೂ ಇಲ್ಲ. ಬರುತ್ತೇನೆ. ಯಾವಾಗ ಎಂದು ಕೇಳಬೇಡ.

ಆ ಕೊಕ್ಕರೆಗೆ ಹೇಳು, ಮೇಲೇಳುವ ಮೊದಲು ಗೋಲ್‌ಕೀಪರ್ ಎಲ್ಲಿದ್ದಾಳೆಂದು ಒಂದು ಕಣ್ಣು ಇಟ್ಟಿರಲಿ.

ಅಣ್ಣ


ನವೆಂಬರ್ 24, 1998

ತಂಗಿಗೆ,

ಶನಿವಾರದ ಫೈನಲ್ ನೋಡಲು ಬಂದಿದ್ದೆ. ನಿನಗೆ ಹೇಳಿರಲಿಲ್ಲ. ಪೂರ್ವದ ಗ್ಯಾಲರಿಯಲ್ಲಿ, ನಿಮ್ಮ ಕಾಲೇಜಿನ ಜನರ ನಡುವೆಯೇ ಕೂತಿದ್ದೆ. ಆಟ ಮುಗಿದ ಕೂಡಲೇ ರೈಲು ಹಿಡಿದೆ. ನಿನ್ನನ್ನು ನೋಡುವ ಮನಸ್ಸಾಗಲಿಲ್ಲ.

ಆ ಹುಡುಗಿಯನ್ನು ಯಾಕೆ ಕೂರಿಸಿದೆ? ಜೆರ್ಸಿ ಹಾಕಿ, ಬೂಟಿನ ಲೇಸು ಕಟ್ಟಿಕೊಂಡು ತಯಾರಾಗಿ ಕೂತಿದ್ದಳು. ಮತ್ತೆ ಮತ್ತೆ ಎದ್ದು ನಿನ್ನ ಹತ್ತಿರ ಬಂದಳು. ನೀನು ಮುಖ ತಿರುಗಿಸಿ ಕೈಯಲ್ಲೇ 'ಕೂರು' ಎಂದೆ. ಅವಳು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದು ಗ್ಯಾಲರಿಯವರೆಗೂ ಕಾಣಿಸಿತು. ಒಂದು ಗೋಲಿನಿಂದ ಸೋತಿರಿ. ಕೊನೆಗೆ ಬಂದ ಆ ಕಾರ್ನರ್‌ಗಳಿಗೆ ಅವಳಿದ್ದಿದ್ದರೆ?

ಎದುರು ಮಾತಾಡಿದಳೇ? ಅದಕ್ಕೆ ಶಿಕ್ಷೆಯೇ? ನನಗೂ ಒಬ್ಬ ಕೋಚ್ ಹೀಗೇ ಮಾಡಿದ್ದ. ಆಯ್ಕೆಯ ಪಂದ್ಯದ ದಿನ, ಏನೋ ಎದುರಾಡಿದೆ ಎಂದು ಬೆಂಚಿನಲ್ಲಿ ಕೂರಿಸಿದ. ಮರುತಿಂಗಳು ನಾನು ಗಿರಣಿ ಸೇರಿದೆ. ಆ ಬೆಂಚು ಎಷ್ಟು ತಣ್ಣಗಿರುತ್ತದೆ ಎಂದು ನನಗೆ ಗೊತ್ತು. ನಿನ್ನ ಕೈಯಿಂದ ಅದು ಆಗುತ್ತದೆ ಎಂದುಕೊಂಡಿರಲಿಲ್ಲ.

ಜನ ನೋಡಿದರೆ ಎಷ್ಟು ಪ್ರೀತಿಯಿಂದ ಎದ್ದು ನಿಂತು, ತಾಳ ಹಾಕಿ ಚಪ್ಪಾಳೆ ತಟ್ಟುತ್ತಿದ್ದರು! ಅಂಥ ಜನಕ್ಕಾದರೂ ನೀನು ಬೆಲೆ ಕೊಡಬೇಕಿತ್ತು.

ಅಣ್ಣ


ಡಿಸೆಂಬರ್ 1, 1998

ಅಣ್ಣನಿಗೆ,

ಸೆಮಿಫೈನಲ್ ಬುಧವಾರ. ಕೊಕ್ಕರೆಯ ತಲೆಗೆ ಗೋಲ್‌ಕೀಪರಿನ ತಲೆ ಬಡಿಯಿತು. ತೆಂಗಿನಕಾಯಿ ಒಡೆದ ಸದ್ದು. ಎದ್ದಳು, ನಕ್ಕಳು, ಆಡಿದಳು. ವಿರಾಮದಲ್ಲಿ ನೀರು ಕುಡಿಯುತ್ತಾ ಕೇಳಿದಳು, "ಮೇಡಂ, ನಮ್ದು ಯಾವ ಗೋಲು?" ತಮಾಷೆ ಎಂದುಕೊಂಡೆ. ಕಣ್ಣು ನೋಡಿದರೆ ತಮಾಷೆಯಾಗಿರಲಿಲ್ಲ. ಆಗಲೇ ಹೊರಗೆ ಕರೆದುಕೊಂಡೆ. ವಾಪಸಾಗುವಾಗ ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿದಳು.

ಆಸ್ಪತ್ರೆಯ ಡಾಕ್ಟರಮ್ಮ, "ಮೂರು ವಾರ ಚೆಂಡಿನ ಹತ್ರ ಸುಳೀಬಾರ್ದು. ಇನ್ನೊಂದು ಏಟು ಬಿದ್ರೆ ನನ್ನ ಕೈಲೂ ಆಗಲ್ಲ, ದೇವರ ಕೈಲೂ ಆಗಲ್ಲ" ಎಂದರು. ನಿರ್ದೇಶಕರು ಮಾರನೆಯ ದಿನ ತಮಗೆ ಬೇಕಾದ ಇನ್ನೊಬ್ಬ ಡಾಕ್ಟರಿಂದ 'ಆಡಬಹುದು' ಎಂದು ಹೇಳಿಸಿದರು. ಅವರ ಕೋಣೆಯಲ್ಲಿ ನಡೆದ ಮಾತು ಇಷ್ಟೇ:

"ಅವಳು ಆಡ್ತಾಳೆ."

"ಆಡಲ್ಲ ಸಾರ್."

"ಯಾರ್ರೀ ನೀವು ಹೇಳೋಕೆ?"

"ಬಾಗಿಲ ಮೇಲೆ ಬರೆದಿದೆಯಲ್ಲ ಸಾರ್."

"ಫಲಕ ತೆಗೆಯೋಕೆ ಎರಡು ಸ್ಕ್ರೂ ಬಿಚ್ಚಿದ್ರೆ ಸಾಕು."

ಕೊಕ್ಕರೆ ನನ್ನ ಕಾಲು ಹಿಡಿದಳು ಅಣ್ಣಾ. ರಾಷ್ಟ್ರೀಯ ತಂಡದ ಆಯ್ಕೆಗಾರರು ಅವಳಿಗಾಗಿಯೇ ಬಂದಿದ್ದರು. ಜೆರ್ಸಿ ಹಾಕಿಕೊಳ್ಳಲಾದರೂ ಬಿಡಿ ಎಂದಳು, ಬಿಟ್ಟೆ. ಬಿಡಬಾರದಿತ್ತು. ಅವಳು ಎದ್ದು ಬಂದಾಗಲೆಲ್ಲ ನಾನು ಮುಖ ತಿರುಗಿಸಿದ್ದು ನಿಜ. ಮುಖ ನೋಡಿದ್ದರೆ ಆಟಕ್ಕೆ ಇಳಿಸಿಬಿಡುತ್ತಿದ್ದೆ.

ನೀನು ಪೂರ್ವದ ಗ್ಯಾಲರಿಯಲ್ಲಿ ಕೂತಿದ್ದೆಯಂತೆ. ಹಾಗಾದರೆ ಕೇಳಿಸಿಕೊಂಡಿದ್ದೀಯ. "ಹೊಟ್ಟೆಕಿಚ್ಚಿನ ಮೇಡಂ, ಮನೆಗ್ ಹೋಗಿ" ಎಂದು ಇಡೀ ಗ್ಯಾಲರಿ ತಾಳ ಹಾಕಿ ಕೂಗುತ್ತಿತ್ತು. ಮದುವೆಯಾಗದವಳು ಎಂದೂ ಸೇರಿಸಿದರು. ಅದರ ಮೇಲಿನದನ್ನು ಬರೆಯಲಾರೆ. ಕೊನೆಯವರೆಗೂ ನಿಲ್ಲಲಿಲ್ಲ. ಅದನ್ನು ನೀನು ಪ್ರೀತಿ ಎನ್ನುತ್ತೀಯ. ತಂಗಿಯನ್ನು ಅಷ್ಟು ಜನ ಬಯ್ಯುವಾಗ ನಡುವೆ ಕೂತು ಕೇಳಿ, ಒಂದು ಮಾತಾಡದೆ ರೈಲು ಹತ್ತಿದೆ. ಆಮೇಲೆ ವ್ಯಂಗ್ಯದ ಪತ್ರ ಬೇರೆ.

ಇನ್ನೊಂದೂ ತಿಳಿದುಕೋ. 'ಹೆಚ್ಚಿನ ಅವಕಾಶ' ಎಂದು ಬರೆಯುತ್ತಿದ್ದೆನಲ್ಲ, ಅದರಲ್ಲಿ ಎರಡು ಕಡೆ ಅವರೇ ಕಳಿಸಿದ್ದು. ಒಂದು ಕಡೆ, ಕಳಿಸುತ್ತಾರೆ ಎಂದು ಹೆದರಿ ನಾನೇ ಹೊರಟದ್ದು. ಈಗ ಇಲ್ಲಿಂದಲೂ ಆಯಿತು. ನಿನ್ನೆ ಸ್ಕ್ರೂ ಬಿಚ್ಚಿದರು.

ಉತ್ತರ ಬೇಡ.


ಡಿಸೆಂಬರ್ 5, 1998

ಮಿಡತೆ,

ಬೇಡ ಎಂದರೂ ಬರೆಯುತ್ತೇನೆ.

ನನಗೆ ಕೇಳಿಸಲಿಲ್ಲ. ಆ ಗಲಾಟೆಯಲ್ಲಿ ಎಂದಲ್ಲ. ನನಗೆ ಕಿವಿಯೇ ಕೇಳಿಸುವುದಿಲ್ಲ.

ನೀನು ಮೊದಲ ಕೆಲಸಕ್ಕೆ ಹೋದ ವರ್ಷವೇ ಎಡಗಿವಿ ಹೋಗಿತ್ತು. ಬಲಗಿವಿ ಆಮೇಲೆ ಒಂದೊಂದೇ ದನಿ ಬಿಡುತ್ತಾ ಬಂತು. ಮೊದಲು ಹಕ್ಕಿ, ಆಮೇಲೆ ಫೋನು, ಆಮೇಲೆ ಹೆಂಗಸರ ದನಿ. ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ನಿಂತವರಿಗೆ ಇದು ಹೊಸದಲ್ಲ. ಅಲ್ಲಿ ಎಲ್ಲರೂ ತುಟಿ ಓದುವುದರಿಂದ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಕಿವುಡ ಮೇಸ್ತ್ರಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ನಿನ್ನ ಅತ್ತಿಗೆ ನನ್ನ ಜೊತೆ ಕಿರುಚಿಯೇ ಮಾತಾಡಬೇಕು. ಗಂಡ ಹೆಂಡತಿ ದಿನಾ ಕಿತ್ತಾಡುತ್ತಾರೆ ಎಂದು ಪಕ್ಕದ ಮನೆಯವರು ಒಮ್ಮೆ ರಾಜಿ ಮಾಡಿಸಲು ಬಂದಿದ್ದರು.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀನು ಕೆಲಸ ಬಿಟ್ಟು ಓಡಿಬರುತ್ತಿದ್ದೆ. ಓಡಲು ನಿನಗೊಂದು ನೆಪ ಸಾಕು. ಆ ನೆಪ ನಾನಾಗಬಾರದು ಎಂದುಕೊಂಡೆ.

ಪಂದ್ಯದ ದಿನ ಜನ ಎದ್ದು ಚಪ್ಪಾಳೆ ತಟ್ಟಿದಾಗ ನಿನ್ನ ತಂಡಕ್ಕೆ ಹುಮ್ಮಸ್ಸು ತುಂಬುತ್ತಿದ್ದಾರೆ ಎಂದುಕೊಂಡೆ. ನಿನ್ನ ಜನ ಎಂದು ಎದೆ ಉಬ್ಬಿತು. ಎಲ್ಲರ ಮುಖವೂ ಮೈದಾನದ ಕಡೆಗಿತ್ತು. ನನ್ನ ಪಕ್ಕದವನು ನನ್ನ ಕಡೆ ತಿರುಗಿ ಏನೋ ಹೇಳಿದ, ದಪ್ಪ ಮೀಸೆಯಲ್ಲಿ ತುಟಿ ಕಾಣಲಿಲ್ಲ. ನಗುತ್ತಿದ್ದ, ನಾನೂ ನಕ್ಕೆ. ಅವನು ತಾಳ ಹಾಕಿದ ಹಾಗೇ ನಾನೂ ತಾಳ ಹಾಕಿದೆ.

ನಾನೂ ಎದ್ದು ನಿಂತು ತಟ್ಟಿದೆ ಮಿಡತೆ.

ನಿನ್ನನ್ನು ಕಾಣದೆ ಬಂದದ್ದು ಸಿಟ್ಟಿನಿಂದ ಎಂದು ಬರೆದಿದ್ದೆ. ಸಿಟ್ಟು ಅರ್ಧ. ಆ ಗದ್ದಲದಲ್ಲಿ ನೀನು ಮಾತಾಡಿಸಿದರೆ ಕಳ್ಳತನ ಹೊರಬೀಳುತ್ತದೆ ಎಂಬ ಭಯ ಇನ್ನರ್ಧ.

ಈಗ ಓಡಿ ಬಾ. ನೆಪವಲ್ಲ, ಕರೆಯುತ್ತಿದ್ದೇನೆ.

ಅಣ್ಣ


ಡಿಸೆಂಬರ್ 9, 1998

ಅಣ್ಣಾ,

ಶುಕ್ರವಾರ ಮಧ್ಯಾಹ್ನದ ರೈಲು. ನಿಲ್ದಾಣಕ್ಕೆ ಬಂದರೆ ನನ್ನ ಮುಖ ನೋಡಿಕೊಂಡು ನಿಲ್ಲು, ನಿಧಾನವಾಗಿ ಬಯ್ಯುತ್ತೇನೆ. ಒಂದೊಂದು ಬೈಗುಳವೂ ತುಟಿಯಲ್ಲಿ ನೆಟ್ಟಗೆ ಕಾಣಬೇಕು.

ಮಿಡತೆ


ಮೇ 16, 1999

ಮಿಡತೆ,

ಕೆಲಸ ಹುಡುಕಿಕೊಂಡು ನೀನು ಹೊರಟ ಮೇಲೆ ಮನೆ ಸಪ್ಪಗಾಗಿದೆ ಎಂದು ಬರೆಯೋಣ ಎಂದರೆ ಹಾಗಿಲ್ಲ. ನೀನು ಹಟ ಹಿಡಿದು ಹಾಕಿಸಿದ ಕಿವಿಯ ಮಿಷನ್ನಿನ ದೆಸೆಯಿಂದ ಚಮಚ ಇಟ್ಟರೆ ಗುಡುಗು, ಕಾಗದ ಮಡಚಿದರೆ ಬೆಂಕಿ ಹತ್ತಿದ ಸದ್ದು. ನಿನ್ನ ಅತ್ತಿಗೆ ಕಿರುಚುವುದನ್ನು ಇನ್ನೂ ಬಿಟ್ಟಿಲ್ಲ. ಅಭ್ಯಾಸಬಲವಂತೆ. ಊಟದ ಹೊತ್ತಿಗೆ ಮಿಷನ್ ತೆಗೆದು ಜೇಬಿಗೆ ಹಾಕುತ್ತೇನೆ.

ಗಿರಣಿಯಲ್ಲಿ ನಾನೇ ಹೋಗಿ ಹೇಳಿದೆ. ಮ್ಯಾನೇಜರ್ ಬಹಳ ಹೊತ್ತು ಪೆನ್ನು ತಿರುಗಿಸಿ, ಬಟ್ಟೆ ಪರೀಕ್ಷೆ ವಿಭಾಗಕ್ಕೆ ಹಾಕಿದರು. ಬೆಳಕಿನ ಮೇಜಿನ ಮೇಲೆ ಬಟ್ಟೆ ಹರಿಯುತ್ತಿರುತ್ತದೆ, ಕಳಚಿದ ಎಳೆ ಹುಡುಕಬೇಕು. ಮೇಸ್ತ್ರಿ ಎಂದು ಈಗ ಯಾರೂ ಕರೆಯುವುದಿಲ್ಲ. ಮಗ್ಗದ ಶೆಡ್ಡಿನ ಮುಂದೆ ಹಾದುಹೋಗುವಾಗ ಅಂಗೈ ತುರಿಸುತ್ತದೆ. ಚೆನ್ನಾಗಿದ್ದೇನೆ ಎಂದು ಸುಳ್ಳು ಹೇಳಲಾರೆ. ಸುಳ್ಳಿನ ಕೋಟಾ ಮುಗಿದಿದೆ.

ನಿನಗೆ ಕೆಲಸ ಸಿಕ್ಕಿತೇ? ಇದ್ದದ್ದನ್ನು ಇದ್ದ ಹಾಗೆ ಬರಿ.

ಅಣ್ಣ


ಡಿಸೆಂಬರ್ 12, 1999

ಅಣ್ಣಾ,

ಇದ್ದದ್ದನ್ನು ಇದ್ದ ಹಾಗೆ: ಮತ್ತೆ ಸಹಾಯಕ ಕೋಚ್. ನನ್ನ ಮೇಲಿನ ಮುಖ್ಯ ಕೋಚ್ ಎರಡನೆಯ ಕಾಲೇಜಿನಲ್ಲಿ ನನ್ನ ಕೈಕೆಳಗೆ ಗೋಲ್‌ಕೀಪರ್ ಆಗಿದ್ದವಳು. ಆಗ 'ಮೇಡಂ' ಎನ್ನುತ್ತಿದ್ದಳು. ಈಗಲೂ 'ಮೇಡಂ' ಎಂದೇ ಕೆಲಸ ಹೇಳುತ್ತಾಳೆ. ಕೇಳಿದಾಗಲೆಲ್ಲ ಚುಚ್ಚುತ್ತದೆ. ಆದರೆ ಅವಳಿಗೆ ಆಟ ಗೊತ್ತು, ಹಾಗಾಗಿ ನುಂಗುತ್ತೇನೆ. ಮುಖ್ಯ ಕೋಚ್ ಹುದ್ದೆಗೆ ಏಳು ಕಡೆ ಕೇಳಿದೆ. ಎಲ್ಲ ಕಡೆಯೂ ನನಗಿಂತ ಮೊದಲು ನನ್ನ ಸುದ್ದಿ ತಲುಪಿತ್ತು.

ನಿನ್ನೆ ಕೊಕ್ಕರೆಯ ಎದುರು ನಮ್ಮ ಪಂದ್ಯವಿತ್ತು. ಅವಳೂ ಆ ಕಾಲೇಜು ಬಿಟ್ಟಿದ್ದಾಳೆ. ಆಯ್ಕೆಗಾರರು ಆ ವರ್ಷ ಬೇರೆ ಹುಡುಗಿಯನ್ನು ತೆಗೆದುಕೊಂಡರು. ಇವಳನ್ನು ಮತ್ತೆ ಕರೆದಿಲ್ಲ. ಅವಳು ಮೈದಾನಕ್ಕೆ ಇಳಿದಾಗ ನನ್ನ ಕಣ್ಣು ಅವಳ ತಲೆ ಬಿಟ್ಟು ಬೇರೆಲ್ಲೂ ಹೋಗಲಿಲ್ಲ. ನಮ್ಮ ಹುಡುಗಿಯರು ಎಲ್ಲಿ ನಿಂತಿದ್ದಾರೆ ಎಂದೂ ನೋಡದ ಸಹಾಯಕ ಕೋಚ್ ನಾನು!

ಎರಡನೆಯ ಅರ್ಧದಲ್ಲಿ ಕಾರ್ನರ್ ಬಂತು. ಅವಳ ಬೆನ್ನಿಗೆ ನಮ್ಮವರು ಇಬ್ಬರಿದ್ದರು. ಮೇಲೆದ್ದಳು. ಇಬ್ಬರೂ ಕೆಳಗೆ ಬಂದರೂ ಇವಳು ಇನ್ನೂ ಮೇಲೇ ಇದ್ದಳು. ನೆತ್ತಿಯಲ್ಲ, ಹಣೆಯಿಂದ, ಕತ್ತು ಬಿಗಿಹಿಡಿದು, ಹೇಳಿಕೊಟ್ಟ ಹಾಗೆಯೇ ಹೊಡೆದಳು. ಬಲೆ ಉಬ್ಬಿತು. ನಾನು ಬೆಂಚು ಬಿಟ್ಟು ಎದ್ದಿದ್ದೆ. ನಮ್ಮ ಮುಖ್ಯ ಕೋಚ್ ತಿರುಗಿ, "ಮೇಡಂ, ನೀವು ನಗ್ತಿದ್ದೀರಾ?" ಎಂದಳು.

"ಇಲ್ಲಪ್ಪ, ಹಲ್ಲು ನೋವು" ಎಂದೆ.

ಪಂದ್ಯ ಮುಗಿದ ಮೇಲೆ ಸಾಲಾಗಿ ನಿಂತು ಕೈ ಕುಲುಕುವುದಿದೆಯಲ್ಲ, ಅವಳು ಎಲ್ಲರ ಕೈ ಕುಲುಕುತ್ತಾ ಬಂದಳು. ನನ್ನ ಕೈಗೆ ಬೆರಳ ತುದಿ ತಗುಲಿಸಿ, ಮುಖ ನೋಡದೆ ಮುಂದಕ್ಕೆ ಹೋದಳು. ಅವಳನ್ನು ದೂರುವುದಿಲ್ಲ. ಆ ಫೈನಲ್ ಅವಳದಾಗಿತ್ತು, ನಾನು ಕಿತ್ತುಕೊಂಡೆ. ನಾನು ಮಾಡಿದ್ದು ಸರಿಯೇ. ಅವಳ ಸಿಟ್ಟೂ ಸರಿಯೇ. ಕ್ರಮೇಣ ಅರ್ಥ ಮಾಡಿಕೊಳ್ಳುತ್ತಾಳೆ ಎಂದು ಅತ್ತಿಗೆ ಸಮಾಧಾನ ಹೇಳುತ್ತಾರೆ, ಗೊತ್ತು. ಮಾಡಿಕೊಳ್ಳದೆಯೂ ಇರಬಹುದು. ಆಚೆ ಗೆಳತಿಯರ ಹೆಗಲ ಮೇಲೆ ಬಿದ್ದು, ಎಂಥದಕ್ಕೋ ಹೊಟ್ಟೆ ಹಿಡಿದು ನಗುತ್ತಿದ್ದಳು. ಬಸ್ ಹೊರಡುವವರೆಗೂ ನೋಡಿದೆ.

ಬೇರೆ ಕಡೆ ಅರ್ಜಿ ಹಾಕಿದ್ದೀಯಾ ಎಂದು ಕೇಳುತ್ತೀಯ. ಹಾಕಿದ್ದೇನೆ, ಸುಳ್ಳಿನ ಕೋಟಾ ನನ್ನದೂ ಮುಗಿದಿದೆ. ಆದರೆ ಬಂದ ವಾರವೇ ಪೆಟ್ಟಿಗೆ ಬಿಚ್ಚಿದೆ. ಏನೇನಿತ್ತು ಎನ್ನುವುದೇ ಮರೆತುಹೋಗಿತ್ತು.

ಈ ವಾರ ಪೂರ್ತಿ ಹುಡುಗಿಯರಿಗೆ ಕಾರ್ನರ್ ತಡೆಯುವ ಅಭ್ಯಾಸ. ಮಾರ್ಚ್‌ನಲ್ಲಿ ಅವಳ ತಂಡದ ಜೊತೆ ಮತ್ತೊಂದು ಪಂದ್ಯವಿದೆ. ಆ ತಲೆಗೆ ಚೆಂಡು ಸಿಗದ ಹಾಗೆ ಮಾಡುವುದು ಹೇಗೆ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ, ಒಂದೂ ದಾರಿ ಕಾಣುತ್ತಿಲ್ಲ. ನೀನು ಡಿಫೆಂಡರ್ ಆಗಿದ್ದವನು. ಏನಾದರೂ ಹೊಳೆದರೆ ಬೇಗ ಬರಿ.

ಮಿಡತೆ